ನೆಕ್ರಾಜೆಗೆ ಎಷ್ಟು ಅಕ್ಷರ

ಸಾನ್ವಿ, ಪ್ರಥಮ್,

ನೀವಿಬ್ಬರೂ ಒಟ್ಟಿಗೆ ಓದಲು ಹೊರಟರೆ ಹಾಳೆ ಹರಿಯುತ್ತದೆ ಎಂದು ನನಗೆ ಗೊತ್ತು. ಮೊದಲು ಸಾನ್ವಿ ಓದಲಿ. ಅವಳು ಈ ವರ್ಷ ಕಂಪ್ಯೂಟರ್ ಕಲಿಯಲು ಕಾಲೇಜಿಗೆ ಸೇರಿದವಳು. ಪ್ರಥಮ್, ಅರ್ಥವಾಗದ ಕಡೆ ನೀನು ಅಕ್ಕನನ್ನು ಕೇಳು. ಅವಳಿಗೂ ಅರ್ಥವಾಗದಿದ್ದರೆ ಇಬ್ಬರೂ ಬಂದು ನನ್ನನ್ನು ಕೇಳಿ.

ಕಳೆದ ತಿಂಗಳು ಸಾನ್ವಿ ಕೇಳಿದಳು, "ಅಜ್ಜಿ, ನೀವು ಮೊಗ್ರಾಲಿನ ಆಫೀಸಿನಲ್ಲಿ ಎಂತ ಮಾಡ್ತಿದ್ದದ್ದು?" ನಾನು "ಟೈಪಿಂಗ್" ಎಂದು ಹೇಳಿ ಒಳಗೆ ಹೋದೆ. ಅದು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಬಾಯಿಯಲ್ಲಿ ಹೇಳಲು ನನಗೆ ಬರುವುದಿಲ್ಲ. ನಾಲ್ಕು ಜನ ಕೂತ ಕಡೆ ಮಾತಾಡಬೇಕಾದರೆ ಈಗಲೂ ನಾನು ಎದ್ದು ಅಡುಗೆಮನೆಗೆ ಹೋಗುವವಳು. ಹಾಗಾಗಿ ಬರೆಯುತ್ತಿದ್ದೇನೆ.

ನಾನು ಓದಿದ್ದು ನೆಕ್ರಾಜೆಯ ಕನ್ನಡ ಶಾಲೆಯಲ್ಲಿ. ಅಕ್ಷರ ಕಲಿಸಿದವರು ಐತಪ್ಪ ಮಾಷ್ಟ್ರು. ಮನೆಯಲ್ಲಿ ತುಳು ಮಾತಾಡುವ ಮಕ್ಕಳಿಗೆ ಕನ್ನಡದ ಒತ್ತಕ್ಷರ ದೊಡ್ಡ ಭಯ. ಮಾಷ್ಟ್ರು ಬೋರ್ಡಿನಲ್ಲಿ 'ಸ್ತ್ರೀ' ಎಂದು ಬರೆದು, "ಇದು ಎಷ್ಟು ಅಕ್ಷರ?" ಎಂದು ಕೇಳುತ್ತಿದ್ದರು. ನಾವು ಮೂರು ಎನ್ನುತ್ತಿದ್ದೆವು, ನಾಲ್ಕು ಎನ್ನುತ್ತಿದ್ದೆವು. "ಒಂದೇ ಮಕ್ಕಳೇ. ತಲೆಯ ಮೇಲೆ ಬುಟ್ಟಿ, ಸೊಂಟದಲ್ಲಿ ಮಗು, ಕೈಯಲ್ಲಿ ಚೀಲ ಇದ್ದರೂ ಹೆಂಗಸು ಒಬ್ಬಳೇ ಅಲ್ಲವಾ?" ಎನ್ನುತ್ತಿದ್ದರು. ಆ ಮಾತನ್ನು ನೆನಪಿಟ್ಟುಕೊಳ್ಳಿ. ನನ್ನ ಇಡೀ ಕೆಲಸದ ಕಥೆ ಅದರ ಮೇಲೆಯೇ ನಿಂತಿದೆ.

ಹತ್ತನೆಯದು ಮುಗಿದ ಮೇಲೆ ಬದಿಯಡ್ಕದಲ್ಲಿ ಟೈಪಿಂಗ್ ಕಲಿತೆ, ಇಂಗ್ಲಿಷು ಮತ್ತು ಕನ್ನಡ ಎರಡೂ. ನಿಮ್ಮ ಅಜ್ಜ ಆಗ ಬದಿಯಡ್ಕ–ಕಾಸರಗೋಡು ಬಸ್ಸಿನಲ್ಲಿ ಕಂಡಕ್ಟರ್. ಮದುವೆಯಾಗಿ, ನಿಮ್ಮ ಅಮ್ಮ ಹುಟ್ಟಿ, ಅವಳು ಶಾಲೆಗೆ ಹೋಗತೊಡಗಿದ ಮೇಲೆ ಅವರೇ ಒಂದು ದಿನ ಸುದ್ದಿ ತಂದರು: ಗಲ್ಫಿನಿಂದ ಬಂದ ಒಬ್ಬರು ಮೊಗ್ರಾಲಿನಲ್ಲಿ ಕಂಪ್ಯೂಟರ್ ಆಫೀಸು ತೆರೆದಿದ್ದಾರೆ, ಕನ್ನಡ ಟೈಪಿಂಗ್ ಬರುವವರು ಬೇಕಂತೆ.

ಅವರ ಹೆಸರು ಹಮೀದ್. ಮೊಗ್ರಾಲಿನ ಕಡೆ ದೊಡ್ಡವರ ಹೆಸರಿಗೆ 'ಇಚ್ಚ' ಸೇರಿಸಿ ಕರೆಯುತ್ತಾರೆ. ಎಲ್ಲರೂ ಹಮೀದಿಚ್ಚ ಎನ್ನುತ್ತಿದ್ದರು, ಎರಡು ತಿಂಗಳು 'ಸರ್' ಎಂದ ಮೇಲೆ ನಾನೂ ಹಾಗೆಯೇ ಕರೆದೆ. ಆಫೀಸು ಹೈವೇ ಬದಿಯ ಕಟ್ಟಡದ ಮಾಳಿಗೆಯಲ್ಲಿ. ಕಿಟಕಿ ತೆರೆದರೆ ಬಸ್ಸುಗಳ ಹಾರನ್ನು, ಮೀನಿನ ವಾಸನೆ. ಉಪ್ಪುಗಾಳಿಗೆ ಕಂಪ್ಯೂಟರಿನ ಸ್ಕ್ರೂಗಳೆಲ್ಲ ತುಕ್ಕು ಹಿಡಿಯುತ್ತಿದ್ದವು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರಬೇಕು.

ಅಲ್ಲಿ ನಡೆಯುತ್ತಿದ್ದ ಕೆಲಸವನ್ನು ಈಗಿನವರಿಗೆ ತಿಳಿಸುವುದು ಕಷ್ಟ. ಬಸ್‌ಸ್ಟ್ಯಾಂಡಿನಲ್ಲಿ ನೋಟೀಸ್ ಬೋರ್ಡು ಇರುವುದನ್ನು ನೆನೆಸಿಕೊಳ್ಳಿ. ಯಾರೋ ಒಂದು ಚೀಟಿ ಅಂಟಿಸುತ್ತಾರೆ. ಆ ಬೋರ್ಡು ತಾನೇ ಒಂದು ಪ್ರತಿ ಮಾಡಿ ಪಕ್ಕದ ಊರಿನ ಬೋರ್ಡಿಗೆ ಕೊಡುತ್ತದೆ, ಅದು ಇನ್ನೊಂದಕ್ಕೆ. ಹೀಗೆ ಪ್ರಪಂಚದ ಎಲ್ಲ ಬೋರ್ಡುಗಳಲ್ಲೂ ಆ ಚೀಟಿ ಬರುತ್ತದೆ. ವಾಟ್ಸಾಪು, ಫೇಸ್‌ಬುಕ್ಕು ಬರುವ ಮೊದಲು ಇಂಟರ್‌ನೆಟ್ಟಿನಲ್ಲಿ ಸುದ್ದಿ ಹೋಗುತ್ತಿದ್ದದ್ದು ಹೀಗೆ. ಒಂದೊಂದು ವಿಷಯಕ್ಕೆ ಒಂದೊಂದು ಗುಂಪು. ಹಮೀದಿಚ್ಚ ಗಲ್ಫಿನಲ್ಲಿರುವ ನಮ್ಮ ಕಡೆಯವರಿಗಾಗಿ ಊರೂರಿಗೆ ಒಂದು ಸುದ್ದಿಗುಂಪು ಮಾಡಿದ್ದರು. ಬೆಳಿಗ್ಗೆ ನಾನು ಅಜ್ಜನ ಬಸ್ಸಿನಲ್ಲೇ ಕಾಸರಗೋಡಿಗೆ ಬರುತ್ತಿದ್ದೆ. ಟಿಕೆಟ್ ಕೊಡುತ್ತಾ ಕೊಡುತ್ತಾ ಅವರು ಊರ ಸುದ್ದಿ ಒಟ್ಟು ಮಾಡುತ್ತಿದ್ದರು: ಯಾರ ಮನೆಯಲ್ಲಿ ಮದುವೆ, ಯಾರು ತೀರಿಹೋದರು, ಯಾವ ಹಳ್ಳದ ಸಂಕ ಮುರಿಯಿತು, ಯಾರ ದನ ಕಾಣೆಯಾಯಿತು. ಇಳಿಯುವಾಗ ನನ್ನ ಕಿವಿಗೆ ಹಾಕುತ್ತಿದ್ದರು. ನಾನು ಇನ್ನೊಂದು ಬಸ್ಸು ಹಿಡಿದು ಮೊಗ್ರಾಲಿಗೆ ಹೋಗಿ ಅದನ್ನು ಟೈಪ್ ಮಾಡಿದರೆ ಮಧ್ಯಾಹ್ನಕ್ಕೆ ಶಾರ್ಜಾದಲ್ಲಿ ಓದುತ್ತಿದ್ದರು.

ಶುರುವಿನಲ್ಲಿ ನಾನು ಮಾಡಿದ ಒಂದು ಎಡವಟ್ಟು ಕೇಳಿ. ಒಂದು ಬೋರ್ಡು ಇನ್ನೊಂದರೊಡನೆ ಮಾತಾಡಲು ನಿಯಮ ಉಂಟು. ಚೀಟಿ ಮುಗಿಯಿತು ಎಂದು ತಿಳಿಸಲು ಒಂದು ಸಾಲಿನಲ್ಲಿ ಬರೀ ಒಂದು ಚುಕ್ಕಿ ಇಡಬೇಕು. ನನಗೆ ಅದು ಗೊತ್ತಿರಲಿಲ್ಲ. ಒಂದು ಮದುವೆ ಸುದ್ದಿಯನ್ನು ನೇರವಾಗಿ ಯಂತ್ರಕ್ಕೇ ಟೈಪ್ ಮಾಡುವಾಗ, ಚಂದ ಕಾಣಲಿ ಎಂದು ವಧುವಿನ ಹೆಸರಿಗೂ ವರನ ಹೆಸರಿಗೂ ನಡುವೆ ಒಂದು ಸಾಲಿನಲ್ಲಿ ಒಂದೇ ಒಂದು ಚುಕ್ಕಿ ಇಟ್ಟೆ. ವಧು ಗಲ್ಫಿಗೆ ಹೋದಳು, ವರ ಮೊಗ್ರಾಲಿನಲ್ಲೇ ಉಳಿದ. "ಹುಡುಗ ಯಾರು?" ಎಂದು ರಾಶಿ ರಾಶಿ ಉತ್ತರ ಬಂತು. ಹಮೀದಿಚ್ಚ ಬಯ್ಯಲಿಲ್ಲ. "ನಿನ್ನ ಚುಕ್ಕಿಗೆ ಎಷ್ಟು ಶಕ್ತಿ ಉಂಟು ನೋಡು ಮಾರಾಯ್ತಿ, ಒಂದು ಮದುವೆ ನಿಲ್ಲಿಸಿತು" ಎಂದು ನಕ್ಕರು. ಆಮೇಲೆ ಆ ನಿಯಮದ ಪುಸ್ತಕವನ್ನೇ ಅಚ್ಚು ಹಾಕಿಸಿ ನನ್ನ ಮೇಜಿನ ಮೇಲಿಟ್ಟರು. "ಓದು. ಓದಿದರೆ ಸಾಲದು, ಅದರಲ್ಲಿರುವುದನ್ನು ಒಂದೊಂದಾಗಿ ಟೈಪ್ ಮಾಡಿ ನೋಡು. ಕಣ್ಣು ಮೋಸ ಮಾಡ್ತದೆ, ಬೆರಳು ಮಾಡುವುದಿಲ್ಲ."

ಆ ನಿಯಮ ಹಳತಾಗಿತ್ತು. ಬರೆದವರು ಬರೆದು ಬಿಟ್ಟಿದ್ದರು, ಆಮೇಲೆ ಬಂದವರೆಲ್ಲ ತಮಗೆ ಬೇಕಾದ್ದನ್ನು ಸೇರಿಸಿಕೊಂಡಿದ್ದರು. ಒಂದು ಯಂತ್ರ ಹೇಳಿದ್ದು ಇನ್ನೊಂದಕ್ಕೆ ತಿಳಿಯುತ್ತಿರಲಿಲ್ಲ. ಅದನ್ನು ಹೊಸದಾಗಿ ಬರೆಯಲು ಒಂದು ಸಮಿತಿ ಆಯಿತು. ಸಮಿತಿ ಎಂದರೆ ಮೇಜು ಕುರ್ಚಿ ಹಾಕಿ ಕೂರುವುದಲ್ಲ. ಬೇರೆ ಬೇರೆ ದೇಶಗಳ ಜನ, ಎಲ್ಲರೂ ಮೇಲ್ ಬರೆಯುವುದು, ಎಲ್ಲರ ಮೇಲ್ ಎಲ್ಲರಿಗೂ ಬರುವುದು. ಯಾರು ಬೇಕಾದರೂ ಸೇರಬಹುದು. ಹಮೀದಿಚ್ಚ ಸೇರಿದರು, ಎಲ್ಲವನ್ನೂ ಓದಿ ಇಡಲು ನನ್ನನ್ನೂ ಸೇರಿಸಿದರು. ಆಗ ನಿಮ್ಮ ಅಮ್ಮ ಐದನೇ ಕ್ಲಾಸು. ಆ ಕೆಲಸ ಮುಗಿಯುವಾಗ ಅವಳಿಗೆ ಮದುವೆಯ ಮಾತು ಬರುತ್ತಿತ್ತು. ಅಷ್ಟು ವರ್ಷ, ಒಂದು ಪುಸ್ತಕಕ್ಕೆ.

ನಾನು ಬೆಳಿಗ್ಗೆ ಆಫೀಸಿನ ಬಾಗಿಲು ತೆರೆಯುವ ಹೊತ್ತಿಗೆ ಅವರ ಒಂದು ದಿನದ ಜಗಳ ಮುಗಿದು ನಮ್ಮ ಯಂತ್ರದಲ್ಲಿ ಬಂದು ಬಿದ್ದಿರುತ್ತಿತ್ತು. ಎಲ್ಲವನ್ನೂ ಅಚ್ಚು ತೆಗೆದು, ತೂತು ಹಾಕಿ, ದಾರ ಕಟ್ಟಿ ಫೈಲು ಮಾಡುತ್ತಿದ್ದೆ. ಯಾರ ಮುಖವನ್ನೂ ನೋಡಿಲ್ಲ, ಹಾಗಾಗಿ ಮನಸ್ಸಿನಲ್ಲೇ ಹೆಸರಿಟ್ಟಿದ್ದೆ. ಎಲ್ಲರ ಮಾತನ್ನೂ ಕೇಳಿ ಪುಸ್ತಕವನ್ನು ತಿದ್ದಿ ತಿದ್ದಿ ಬರೆಯುತ್ತಿದ್ದವರೊಬ್ಬರು ಸಂಪಾದಕರು. ಅವರು ನನಗೆ ತಾಳ್ಮೆ ಮಾಮ. ಪ್ರತಿಯೊಂದಕ್ಕೂ ಸಿಟ್ಟಾಗುತ್ತಿದ್ದ ಒಬ್ಬರಿದ್ದರು, ಅವರು ಗುಡುಗು ಮಾಮ. ಗುಡುಗು ಮಾಮನ ಮೇಲ್ ಬಂದ ದಿನ ಹಮೀದಿಚ್ಚ, "ಇವತ್ತು ಮಳೆ ಉಂಟಾ ಸುಮತೀ?" ಎಂದು ಕೇಳುವರು.

ಎಂತ ಜಗಳ ಎಂದರೆ, ಸಾನ್ವಿ, ನೀನು ಈ ಕೆಲಸಕ್ಕೆ ಹೋಗುವವಳಾದ್ದರಿಂದ ತಿಳಿದಿರಲಿ. ನಿಯಮದಲ್ಲಿ ಮೂರು ಮಾತು ಇರುತ್ತವೆ: ಮಾಡಲೇಬೇಕು, ಮಾಡಿದರೆ ಒಳ್ಳೆಯದು, ಮಾಡಿದರೂ ಆದೀತು. ಒಂದು ಸಾಲಿನಲ್ಲಿ ಈ ಮೂರರಲ್ಲಿ ಯಾವುದನ್ನು ಹಾಕಬೇಕು ಎಂದು ಅವರು ಎರಡು ತಿಂಗಳು ವಾದ ಮಾಡಿದ್ದನ್ನು ನಾನು ನೋಡಿದ್ದೇನೆ. ಮನೆಯಲ್ಲಿ ಅಜ್ಜನಿಗೆ ಹೇಳಿದೆ. ಅವರು ನಗಲಿಲ್ಲ. "ಸರಿ ಅಲ್ಲವಾ? ನಮ್ಮ ಬಸ್ಸಿನಲ್ಲೂ ಹಾಗೆಯೇ. ಟಿಕೆಟ್ ತೆಗೆಯಲೇಬೇಕು. ಚಿಲ್ಲರೆ ಕೊಟ್ಟರೆ ಒಳ್ಳೆಯದು. ನಿಂತು ಹೋದರೂ ಆದೀತು. ಇದರಲ್ಲಿ ಒಂದು ಅದಲು ಬದಲಾದರೆ ಬಸ್ಸು ನೆಲ್ಲಿಕಟ್ಟೆ ದಾಟುವುದಿಲ್ಲ" ಎಂದರು. (ನಾವು ಮಾತಾಡಿದ್ದು ತುಳುವಿನಲ್ಲಿ, ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.)

ಇನ್ನೊಂದು ಕ್ರಮ ಉಂಟು, ಅದು ನನಗೆ ತುಂಬ ಇಷ್ಟವಾಗಿತ್ತು. ಅವರಲ್ಲಿ ಕೈಯೆತ್ತಿ ಮತ ಹಾಕುವುದಿಲ್ಲ. ಒಂದು ವರ್ಷ ಹೊರದೇಶದಲ್ಲಿ ನಡೆದ ಸಭೆಗೆ ಹಮೀದಿಚ್ಚ ಹೋಗಿ ಬಂದಿದ್ದರು. "ಅಲ್ಲಿ ಎಂತ ಮಾಡ್ತಾರೆ ಗೊತ್ತುಂಟಾ? ಒಪ್ಪಿಗೆ ಇದ್ದವರು ಬಾಯಿ ಮುಚ್ಚಿ ಗುಂಯ್ ಅಂತ ಸದ್ದು ಮಾಡುವುದು. ಯಾವ ಕಡೆ ಸದ್ದು ಜೋರು ಉಂಟೋ ಅದು ಗೆದ್ದಿತು."

"ಹೂಂಗುಟ್ಟುವುದಾ? ಕಥೆ ಕೇಳುವ ಮಕ್ಕಳ ಹಾಗೆ?" ಎಂದೆ.

"ಹಾಂ, ಅದೇ! ಗಡ್ಡ ಬಿಟ್ಟ ದೊಡ್ಡ ದೊಡ್ಡ ಮಕ್ಕಳು."

ಕೈಯೆತ್ತದೆ, ಬಾಯಿ ತೆರೆಯದೆ ಒಪ್ಪಿಗೆ ಹೇಳಬಹುದಾದ ಜಾಗ ಒಂದು ಪ್ರಪಂಚದಲ್ಲಿ ಉಂಟು ಎಂದು ನನಗೆ ಸಮಾಧಾನವಾಯಿತು. ಮೇಲ್‌ನಲ್ಲಿ ನಡೆಯುವ ಚರ್ಚೆಗೆ ಅದಕ್ಕಿಂತಲೂ ಸುಲಭದ ನಿಯಮ: ಸಂಪಾದಕರು ಒಂದು ಸಾಲನ್ನು ಮುಂದಿಡುತ್ತಾರೆ, ಒಂದು ಗಡುವು ಹೇಳುತ್ತಾರೆ. ಅಷ್ಟರೊಳಗೆ ಯಾರೂ ಬೇಡ ಎನ್ನದಿದ್ದರೆ ಎಲ್ಲರೂ ಒಪ್ಪಿದ್ದಾರೆ ಎಂದು ಅರ್ಥ. ಮೌನ ಎಂದರೆ ಒಪ್ಪಿಗೆ. ಎಂಟು ವರ್ಷ ನಾನು ಎಲ್ಲದಕ್ಕೂ ಒಪ್ಪಿದೆ. ಒಂದು ಮೇಲ್ ಸಹ ಬರೆಯಲಿಲ್ಲ.

ನನ್ನ ಕೆಲಸ ಉದಾಹರಣೆಗಳನ್ನು ನೋಡುವುದು. ಆ ಪುಸ್ತಕದ ತುಂಬ ಕೇಳುವವ ಮತ್ತು ಕೊಡುವವ ಮಾತಾಡುವ ಉದಾಹರಣೆಗಳು. ಕೇಳುವವ ಎಂದರೆ ಓದುಗನ ಯಂತ್ರ, ಕೊಡುವವ ಎಂದರೆ ಬೋರ್ಡಿನ ಯಂತ್ರ. ಇವನು ಹೀಗೆ ಕೇಳಿದರೆ ಅವನು ಹಾಗೆ ಉತ್ತರ ಕೊಡಬೇಕು. ರೇಷನ್ ಅಂಗಡಿಯ ಮಾತಿನ ಹಾಗೆಯೇ. ಪುಸ್ತಕ ತಿದ್ದಿದಾಗಲೆಲ್ಲ ನಾನು ಮೊದಲಿಂದ ಕೊನೆಯವರೆಗೆ ಎಲ್ಲವನ್ನೂ ಟೈಪ್ ಮಾಡಿ ನೋಡುತ್ತಿದ್ದೆ. ತಪ್ಪು ಕಂಡರೆ ಹಮೀದಿಚ್ಚನಿಗೆ ಚೀಟಿ ಬರೆದು ಕೊಡುತ್ತಿದ್ದೆ, ಅವರು ತಮ್ಮ ಹೆಸರಿನಲ್ಲಿ ಕಳುಹಿಸುತ್ತಿದ್ದರು. "ನೀನೇ ಬರಿ" ಎಂದು ಎಷ್ಟೋ ಸಲ ಹೇಳಿದ್ದರು. "ನನ್ನ ಇಂಗ್ಲಿಷು ಬದಿಯಡ್ಕದ ಇಂಗ್ಲಿಷು" ಎಂದು ತಪ್ಪಿಸಿಕೊಳ್ಳುತ್ತಿದ್ದೆ.

ಈಗ ಅಕ್ಷರದ ವಿಷಯಕ್ಕೆ ಬರುತ್ತೇನೆ.

ನಮ್ಮ ಗುಂಪುಗಳ ಹೆಸರಿನಲ್ಲಿ ಊರಿನ ಹೆಸರನ್ನು ಕನ್ನಡದಲ್ಲೇ ಇಟ್ಟಿದ್ದೆವು. ಅದು ಹಮೀದಿಚ್ಚನ ಹಟ. ಆದರೆ ಗಲ್ಫಿನ ಕಂಪ್ಯೂಟರ್ ಅಂಗಡಿಗಳಲ್ಲಿ ಕನ್ನಡ ಓದಲು ಆಗುತ್ತಿತ್ತು, ಬರೆಯಲು ಕೀಲಿಮಣೆ ಇರುತ್ತಿರಲಿಲ್ಲ. ಅದಕ್ಕೆ ಒಂದು ಉಪಾಯ ಇತ್ತು. ಹಳೆಯ ನಿಯಮದಿಂದಲೂ ರೂಢಿಯಲ್ಲಿದ್ದದ್ದು: ಗೊತ್ತಿಲ್ಲದ ಅಕ್ಷರದ ಜಾಗದಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿದರೆ, ಅಲ್ಲಿ ಯಾವ ಅಕ್ಷರ ಇದ್ದರೂ ಯಂತ್ರ ಹುಡುಕಿಕೊಡುತ್ತದೆ. ನೆಕ್ರಾಜೆ ಎಂದರೆ ಮೂರು ಅಕ್ಷರ: ನೆ, ಕ್ರಾ, ಜೆ. ಹಾಗಾಗಿ ಮೂರು ಪ್ರಶ್ನೆ ಚಿಹ್ನೆ. ನಮ್ಮ ಯಂತ್ರಕ್ಕೆ ಹಮೀದಿಚ್ಚ ನಾವು ಎಣಿಸುವ ಹಾಗೆಯೇ ಎಣಿಸಲು ಕಲಿಸಿದ್ದರು.

ಶಾರ್ಜಾದ ಒಂದು ಗೋಡೌನಿನಲ್ಲಿ ಕೆಲಸ ಮಾಡುತ್ತಿದ್ದ ನೆಕ್ರಾಜೆಯ ಸದಾಶಿವ ಪ್ರತಿ ಶುಕ್ರವಾರ ಹಾಗೆ ಮೂರು ಚಿಹ್ನೆ ಹಾಕಿ ಊರ ಸುದ್ದಿ ಓದುವವ. ಶಾಲೆಯಲ್ಲಿ ನನಗಿಂತ ಮೂರು ಕ್ಲಾಸು ಕೆಳಗಿದ್ದವ, ಅವನೂ ಐತಪ್ಪ ಮಾಷ್ಟ್ರ ಶಿಷ್ಯ. ಮೊ, ಗ್ರಾ, ಲ್ ಎಂದು ಮೊಗ್ರಾಲಿಗೂ ಮೂರೇ ಆದ್ದರಿಂದ ಅವನಿಗೆ ಮೊಗ್ರಾಲಿನ ಸುದ್ದಿಯೂ ಒಟ್ಟಿಗೆ ಬರುತ್ತಿತ್ತು. "ಸುಮತಿಯಕ್ಕ, ಊರು ಕೇಳಿದರೆ ನೀವು ಮೀನಿನ ರೇಟೂ ಕೊಡ್ತೀರಿ. ಇಲ್ಲಿ ಕೂತು ಬಂಗುಡೆ ನೆನೆಸಿ ಹೊಟ್ಟೆ ಉರಿಯುತ್ತದೆ" ಎಂದು ಬರೆದಿದ್ದ.

ಹೊಸ ಪುಸ್ತಕ ಇನ್ನೇನು ಮುಗಿಯಬೇಕು ಎನ್ನುವಾಗ, ಅದರಂತೆ ನಡೆಯುವ ಹೊಸ ತಂತ್ರಾಂಶವನ್ನು ಸಮಿತಿಯ ಒಬ್ಬರು ಸಿದ್ಧಮಾಡಿ ಎಲ್ಲರಿಗೂ ಪರೀಕ್ಷೆಗೆ ಕೊಟ್ಟರು. ಹಮೀದಿಚ್ಚ ಅದನ್ನು ನಮ್ಮ ಯಂತ್ರಕ್ಕೆ ಹಾಕಲು ಹೇಳಿ ಹಜ್ಜಿಗೆ ಹೊರಟರು. ನಲವತ್ತು ದಿನ ಇರುವುದಿಲ್ಲ. ಹೊರಡುವಾಗ, "ಎಲ್ಲ ಉದಾಹರಣೆ ನೋಡು, ಸರಿ ಇದ್ದರೆ ಹಾಕು" ಎಂದರು.

ಎಲ್ಲ ಉದಾಹರಣೆ ನೋಡಿದೆ. ಒಂದೂ ತಪ್ಪಲಿಲ್ಲ. ಹಾಕಿದೆ. ಆದರೆ ಪುಸ್ತಕದ ಉದಾಹರಣೆಗಳೆಲ್ಲ ಇಂಗ್ಲಿಷು ಹೆಸರುಗಳು. ನೆಕ್ರಾಜೆ ಎಂದು ಟೈಪ್ ಮಾಡಿ ನೋಡಬೇಕು ಎಂದು ನನಗೆ ಹೊಳೆಯಲಿಲ್ಲ.

ಅದೇ ವಾರ ಐತಪ್ಪ ಮಾಷ್ಟ್ರು ತೀರಿಹೋದರು. ಅಜ್ಜ ಬಸ್ಸಿನಲ್ಲಿ ಹೇಳಿದಾಗ ನಾನು ಕಿಟಕಿಯ ಕಡೆ ತಿರುಗಿ ಕೂತೆ. ಆಫೀಸಿಗೆ ಹೋಗಿ ಒಂದು ಒತ್ತಕ್ಷರವೂ ತಪ್ಪದ ಹಾಗೆ ಅವರ ಸುದ್ದಿ ಟೈಪ್ ಮಾಡಿ ನೆಕ್ರಾಜೆ ಗುಂಪಿಗೆ ಹಾಕಿದೆ.

ಹದಿಮೂರು ದಿನ ಕಳೆದು ರಜೆಯಲ್ಲಿ ಬಂದ ಬದಿಯಡ್ಕದವರೊಬ್ಬರು ಆಫೀಸಿನ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಉದ್ದದ ಒಂದು ಪೆಟ್ಟಿಗೆ.

"ಸುಮತಿಯಕ್ಕ ಅಂದರೆ ನೀವಾ? ಇದು ಶಾರ್ಜಾದ ಸದಾಶಿವ ಕೊಟ್ಟದ್ದು. ನೆಕ್ರಾಜೆಯ ಐತಪ್ಪ ಮಾಷ್ಟ್ರಿಗೆ ಮುಟ್ಟಿಸಬೇಕಂತೆ. ಒಳ್ಳೆ ಟಾರ್ಚು. ಮಾಷ್ಟ್ರಿಗೆ ಸಂಜೆ ತೋಡು ದಾಟುವಾಗ ಕಣ್ಣು ಕಾಣುವುದಿಲ್ಲ ಅಂತ ನಿಮ್ಮ ಸುದ್ದಿಯಲ್ಲೇ ಉಂಟಂತಲ್ಲ?"

ಅದನ್ನು ಮಳೆಗಾಲದಲ್ಲಿ ನಾನೇ ಬರೆದಿದ್ದೆ. ಮಾಷ್ಟ್ರು ಮನೆ ಹತ್ತಿರದ ಆ ಹಳ್ಳದಲ್ಲಿ ಜಾರಿ ಬಿದ್ದದ್ದನ್ನು.

"ಮಾಷ್ಟ್ರು ಹೋದರಲ್ಲ," ಎಂದೆ.

"ಎಲ್ಲಿಗೆ?"

"ತೀರಿಹೋದರು. ಹದಿಮೂರು ದಿನ ಆಯಿತು."

ಅವರು ಕುರ್ಚಿಯಲ್ಲಿ ಕೂತರು. "ಅಯ್ಯೋ ದೇವರೇ, ಸದಾಶಿವನಿಗೆ ಗೊತ್ತೇ ಇಲ್ಲ. ಮೊನ್ನೆ ನಾನು ಹೊರಡುವಾಗ ಸಹ ಬ್ಯಾಟರಿ ಹಾಕಿ, ಗೋಡೆಗೆ ಬೆಳಕು ಬಿಟ್ಟು, ನೋಡಿ ಕೊಟ್ಟ. ಎರಡು ಶುಕ್ರವಾರದಿಂದ ಊರ ಸುದ್ದಿಯೇ ಇಲ್ಲ, ಸುಮತಿಯಕ್ಕನಿಗೆ ಹುಷಾರಿಲ್ಲವೋ ಏನೋ, ಕೇಳಿಕೊಂಡು ಬಾ ಅಂದಿದ್ದ."

ಅವರು ಹೋದ ಮೇಲೆ ಯಂತ್ರದ ದಾಖಲೆ ತೆಗೆದು ನೋಡಿದೆ. ಸದಾಶಿವ ಎರಡು ಶುಕ್ರವಾರವೂ ಅಲ್ಲಿಂದ ನಮ್ಮ ಯಂತ್ರಕ್ಕೆ ಬಂದಿದ್ದ. ಮೂರು ಪ್ರಶ್ನೆ ಚಿಹ್ನೆ ಹಾಕಿದ್ದ. ಯಂತ್ರ ಖಾಲಿ ಪಟ್ಟಿ ಕೊಟ್ಟಿತ್ತು. ನೀನು ತಪ್ಪು ಎಂದು ಅದು ಹೇಳುವುದಿಲ್ಲ, ಅಂಥದ್ದು ಇಲ್ಲ ಎಂದು ಹೇಳುತ್ತದೆ. ನಾನು ಚಿಹ್ನೆ ಒಂದೊಂದಾಗಿ ಹೆಚ್ಚಿಸುತ್ತಾ ಹೋದೆ. ನಾಲ್ಕು, ಐದು, ಆರು, ಏಳು. ಎಂಟಕ್ಕೆ ನೆಕ್ರಾಜೆ ಬಂತು. ಹೊಸ ತಂತ್ರಾಂಶಕ್ಕೆ ನ ಒಂದು, ಅದರ ಎತ್ವ ಒಂದು, ಕ ಒಂದು, ಒತ್ತು ಸೇರಿಸುವ ಗುರುತು ಒಂದು, ರ ಒಂದು, ದೀರ್ಘ ಒಂದು, ಜ ಒಂದು, ಅದರ ಎತ್ವ ಒಂದು. ಮಾಷ್ಟ್ರ ಹೆಂಗಸಿನ ಬುಟ್ಟಿಗೆ, ಮಗುವಿಗೆ, ಚೀಲಕ್ಕೆ ಎಲ್ಲಕ್ಕೂ ಬೇರೆ ಬೇರೆ ಟಿಕೆಟ್. ಒಂದೊಂದು ಗುರುತನ್ನೂ ಮೂರು ತುಂಡು ಮಾಡಿ ಎಣಿಸುವ ಹಳೆಯ ಕೆಲವು ಯಂತ್ರಗಳಲ್ಲಿ ನೋಡಿದರೆ ಇಪ್ಪತ್ತನಾಲ್ಕು ಬೇಕಾಯಿತು. ಒಂದೇ ಊರು: ಕಾಗದದ ಮೇಲೆ ಮೂರು, ಒಂದು ಯಂತ್ರಕ್ಕೆ ಎಂಟು, ಇನ್ನೊಂದಕ್ಕೆ ಇಪ್ಪತ್ತನಾಲ್ಕು.

ಪುಸ್ತಕ ತೆರೆದೆ. ಅಲ್ಲಿ ಇದ್ದದ್ದು ಇಷ್ಟೇ: ಪ್ರಶ್ನೆ ಚಿಹ್ನೆ ಎಂದರೆ ಯಾವುದಾದರೂ ಒಂದು 'ಕ್ಯಾರೆಕ್ಟರ್'. ಕ್ಯಾರೆಕ್ಟರ್ ಎಂದರೆ ಎಂತ ಎಂದು ಎಲ್ಲೂ ಇಲ್ಲ. ನಾವು ಅದನ್ನು ಅಕ್ಷರ ಎಂದು ಓದಿಕೊಂಡಿದ್ದೆವು. ಅವರು ಬೇರೇನೋ ಅಂದುಕೊಂಡು ಬರೆದಿದ್ದರು.

ಇದಕ್ಕಿಂತ ನನ್ನನ್ನು ಚುಚ್ಚಿದ್ದು ನನ್ನ ನೋಟು ಪುಸ್ತಕ. ನಾಲ್ಕು ತಿಂಗಳ ಹಿಂದೆ ಅದರಲ್ಲಿ ನಾನೇ ಬರೆದಿದ್ದೆ: 'ಕ್ಯಾರೆಕ್ಟರ್ ಅಂದರೆ ಯಾವ ಲೆಕ್ಕ? ಕೇಳಬೇಕು.' ಆಮೇಲೆ ಇಷ್ಟು ದೊಡ್ಡವರಿಗೆ ಗೊತ್ತಿಲ್ಲದೆ ಇರುತ್ತದಾ ಎಂದು ಗೀಟು ಎಳೆದಿದ್ದೆ. ನನ್ನ ಮೌನ ಒಪ್ಪಿಗೆಯಾಗಿ ಲೆಕ್ಕಕ್ಕೆ ಹೋಗಿತ್ತು.

ಕೊನೆಯ ಗಡುವಿಗೆ ಇದ್ದದ್ದು ಐದು ದಿನ. ಅದು ದಾಟಿದರೆ ಪುಸ್ತಕ ಗಟ್ಟಿ. ಲೋಕದ ಎಲ್ಲ ಯಂತ್ರಗಳೂ ತಮತಮಗೆ ತೋಚಿದ ಹಾಗೆ ಎಣಿಸುತ್ತವೆ, ಊರ ಹೆಸರು ಕನ್ನಡದಲ್ಲಿ ಇಟ್ಟವರಿಗೆಲ್ಲ ಖಾಲಿ ಪಟ್ಟಿ. ಹಮೀದಿಚ್ಚ ಮಕ್ಕಾದಲ್ಲಿ. ಚೀಟಿ ಬರೆದು ಕೊಡಲು ಯಾರೂ ಇಲ್ಲ.

ಮರುದಿನ ಬಸ್ಸಿನಲ್ಲಿ ಅಜ್ಜ ಬಂದು ಮುಖ ನೋಡಿದರು. "ಎಂತ?"

"ಎಂತ ಇಲ್ಲ."

"ಎಂತ ಇಲ್ಲದವರು ಟಿಕೆಟ್ ತೆಗೀರಿ. ಎಂತಾದರೂ ಇದ್ದವರಿಗೆ ಮಾತ್ರ ಫ್ರೀ."

ಹೇಳಿದೆ. ಎಲ್ಲ ಕೇಳಿ ಅವರು, "ಕ್ಯಾರೆಕ್ಟರ್ ಅಂದರೆ ಶಾಲೆ ಬಿಡುವಾಗ ಕೊಡ್ತಾರಲ್ಲ, ಆ ಸರ್ಟಿಫಿಕೇಟಾ?" ಎಂದರು.

"ನಿಮಗೆ ತಮಾಷೆ."

"ತಮಾಷೆ ಅಲ್ಲ. ನನಗೆ ಒಂದು ಅರ್ಥ ಆಯಿತು, ನಿನಗೆ ಒಂದು, ಅವರಿಗೆ ಒಂದು. ಅದನ್ನೇ ಬರಿ. ಚೆರ್ಕಳದ ಟಿಕೆಟ್ ಕೇಳಿದವನಿಗೆ ಯಾವ ಚೆರ್ಕಳ, ಪೇಟೆಯಾ, ಜಂಕ್ಷನ್ನಾ ಅಂತ ನಾನು ಕೇಳುವುದಿಲ್ಲವಾ? ಕೇಳಿದ್ದಕ್ಕೆ ಇದುವರೆಗೆ ಯಾರೂ ನನಗೆ ಹೊಡೆದಿಲ್ಲ."

ಮೂರು ದಿನ ಬರೆದೆ, ಅಳಿಸಿದೆ. ಕೊನೆಗೆ ಉಳಿದದ್ದು ಏಳು ಸಾಲು. ನಮ್ಮ ಊರಿನ ಹೆಸರು ಇದು. ನಮ್ಮ ಶಾಲೆಯಲ್ಲಿ ಇದಕ್ಕೆ ಮೂರು. ನಿಮ್ಮ ತಂತ್ರಾಂಶಕ್ಕೆ ಎಂಟು. ಹಳೆಯ ಯಂತ್ರಕ್ಕೆ ಇಪ್ಪತ್ತನಾಲ್ಕು. ಮೂರೂ ನಿಮ್ಮ ಪುಸ್ತಕದ ಪ್ರಕಾರ ಸರಿಯೇ. ನಿಮ್ಮ ಪದಕ್ಕೆ ಯಾವ ಲೆಕ್ಕ ಎಂದು ದಯವಿಟ್ಟು ಪುಸ್ತಕದಲ್ಲಿ ಬರೆಯಿರಿ. ನಮಗೆ ಮೂರು ಆದರೆ ಸಂತೋಷ. ಕೆಳಗೆ ನನ್ನ ಹೆಸರು. ಕಳುಹಿಸುವ ಕೀಲಿ ಒತ್ತಿದೆ. ಒತ್ತಿದ ಮೇಲೆ ಹಿಂದೆ ತೆಗೆಯಲು ಆಗದ ಕೀಲಿ ಅದು.

ಮರುದಿನ ಗುಡುಗು ಮಾಮ ಬಂದಿದ್ದರು. 'ಮಿಸ್ಟರ್ ಸುಮತಿ' ಎಂದೇ ಶುರು. ನಾವು ಎಂಟು ವರ್ಷದಿಂದ ಇದನ್ನು ಚರ್ಚಿಸುತ್ತಿದ್ದೇವೆ. ಮುಗಿಯುವ ಹೊತ್ತಿಗೆ ಬಂದು ಪದದ ಅರ್ಥ ಕೇಳುತ್ತೀರಿ. ಇಷ್ಟು ವರ್ಷ ನೀವು ಎಲ್ಲಿದ್ದಿರಿ?

ಮೊದಲು ಕಣ್ಣಿಗೆ ನೀರು ಬಂತು. ಆಮೇಲೆ ಗೋಡೆಯ ಕಡೆ ನೋಡಿದೆ. ಗೋಡೆಯ ಉದ್ದಕ್ಕೂ ನಾನು ದಾರ ಕಟ್ಟಿದ ಫೈಲುಗಳು. ಎಲ್ಲಿ ಎಂತ ಉಂಟು ಎಂದು ನನಗೆ ಗೊತ್ತಿತ್ತು. ಒಂದನ್ನು ಇಳಿಸಿ, ಹುಡುಕಿ, ಮೂರು ಸಾಲು ಬರೆದೆ: 'ನಾನು ಇಲ್ಲೇ ಇದ್ದೆ. ಪ್ರತಿಯೊಂದನ್ನೂ ಓದಿದ್ದೇನೆ. ಎರಡು ಅರ್ಥ ಬರುವ ಪದ ನಿಯಮದಲ್ಲಿ ಇರಲೇಬಾರದು ಎಂದು ನಾಲ್ಕು ವರ್ಷದ ಹಿಂದೆ ಬರೆದವರು ತಾವೇ, ಆ ಮಾತು ನನಗೆ ತುಂಬ ಹಿಡಿಸಿತ್ತು.' ಅವರ ಆ ಮೇಲ್ ಯಾವುದು ಎಂದು ಗುರುತನ್ನೂ ಕೊಟ್ಟೆ.

ಗುಡುಗು ಮಾಮ ಮತ್ತೆ ಬರೆಯಲಿಲ್ಲ. ಅವರ ಸಮಿತಿಯ ಕ್ರಮದ ಪ್ರಕಾರ ಮೌನ ಎಂದರೆ ಒಪ್ಪಿಗೆ ಅಲ್ಲವೇ!

ತಾಳ್ಮೆ ಮಾಮ ಬರೆದರು. ಮೂರು ಕೊಡಲು ಆಗುವುದಿಲ್ಲ ಎಂದು ವಿವರವಾಗಿ ಹೇಳಿದರು. ಯಾವ ಭಾಷೆಯಲ್ಲಿ ಯಾವುದು ಒಂದು ಅಕ್ಷರ ಎಂದು ಎಲ್ಲ ಯಂತ್ರಗಳಿಗೂ ಕಲಿಸುವುದು ಈಗ ಅಸಾಧ್ಯ. ಆದರೆ ನೀವು ಹೇಳಿದ್ದು ಸರಿ, ಪದ ಕುಂಟುತ್ತಿದೆ. ಲೆಕ್ಕ ಎಂಟರದು ಎಂದೂ, ಓದುವವರು ಒಂದು ಎಂದು ಎಣಿಸುವುದು ಇಲ್ಲಿ ಎರಡು ಮೂರು ಆಗಿರಬಹುದು ಎಂದೂ ಪುಸ್ತಕದಲ್ಲಿ ಒಂದು ವಾಕ್ಯ ಸೇರಿಸುತ್ತೇನೆ. ಕೊನೆಯಲ್ಲಿ ಹೀಗೆ ಕೇಳಿದ್ದರು: ಈ ವಾಕ್ಯಕ್ಕೆ ನಿಮ್ಮ ಒಪ್ಪಿಗೆ ಉಂಟೇ? ದಯವಿಟ್ಟು ಉತ್ತರ ಬರೆಯಿರಿ, ಈ ಸಲ ನಿಮ್ಮ ಮೌನವನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮಾಷ್ಟ್ರ ಲೆಕ್ಕವನ್ನು ಬಿಟ್ಟುಕೊಡಬೇಕಾಗಿತ್ತು. ಆದರೆ ಇಲ್ಲದ ಮೂರಕ್ಕಿಂತ ಎಲ್ಲರಿಗೂ ಗೊತ್ತಿರುವ ಎಂಟು ಮೇಲು. ಗೊತ್ತಿದ್ದರೆ ಯಾರೂ ಖಾಲಿ ಪಟ್ಟಿ ನೋಡಿಕೊಂಡು ಕೂರುವುದಿಲ್ಲ. ಹೂಂ ಎಂದು ಕನ್ನಡದಲ್ಲೇ ಬರೆಯುವ ಆಸೆಯಾಯಿತು. ಧೈರ್ಯ ಸಾಲದೆ 'ಯೆಸ್' ಎಂದು ಬರೆದೆ.

ಸದಾಶಿವನಿಗೂ ಬರೆದೆ. ಮಾಷ್ಟ್ರ ವಿಷಯ ಮೊದಲು, ನನ್ನ ತಪ್ಪು ಆಮೇಲೆ, ಎಂಟು ಚಿಹ್ನೆಯ ವಿಷಯ ಕೊನೆಗೆ. ಒಂದು ವಾರ ಉತ್ತರ ಇಲ್ಲ. ಆಮೇಲೆ ಇಂಗ್ಲಿಷು ಅಕ್ಷರದಲ್ಲಿ ಕನ್ನಡ ಬರೆದು ಕಳುಹಿಸಿದ: 'ಟಾರ್ಚು ಮಾಷ್ಟ್ರ ಹೆಂಡತಿಗೆ ಕೊಡಿ ಅಕ್ಕ, ಅವರೂ ಅದೇ ತೋಡು ದಾಟಬೇಕಲ್ಲ. ಎಂಟು ಹಾಕಿದೆ. ಊರು ಬಂತು. ಮೊಗ್ರಾಲಿಗೂ ಎಂಟೇ ಅಂತ ಕಾಣ್ತದೆ, ಬಂಗುಡೆಯೂ ಬಂತು.'

ಎಣಿಸಿ ನೋಡಿದೆ. ಮೊಗ್ರಾಲಿಗೂ ಎಂಟೇ. ನಕ್ಕೆ, ಅತ್ತೆ, ಎರಡೂ ಒಟ್ಟಿಗೆ ಆಯಿತು. ಆ ಭಾನುವಾರ ಅಜ್ಜನೂ ನಾನೂ ಹೋಗಿ ಮಾಷ್ಟ್ರ ಮನೆಯಲ್ಲಿ ಟಾರ್ಚು ಕೊಟ್ಟು ಬಂದೆವು.

ಹಮೀದಿಚ್ಚ ಹಜ್ಜು ಮುಗಿಸಿ ಖರ್ಜೂರದ ಪೆಟ್ಟಿಗೆ ಹಿಡಿದುಕೊಂಡು ಬಂದವರು ಮೇಲ್‌ಗಳನ್ನೆಲ್ಲ ಓದಿ ತಲೆಯ ಮೇಲೆ ಕೈಯಿಟ್ಟರು. "ಎಂಟು ವರ್ಷ ಇವಳ ಬಾಯಿ ತೆರೆಸಲು ನನ್ನಿಂದ ಆಗಲಿಲ್ಲ. ನಾನು ಮೊದಲೇ ಹಜ್ಜಿಗೆ ಹೋಗಬೇಕಿತ್ತು ಮಾರಾಯ್ತಿ!"

ಪುಸ್ತಕ ಹೊರಬಂತು. ಈಗ ಆ ಬೋರ್ಡುಗಳನ್ನು ಓದುವವರು ಕಡಿಮೆ. ನಮ್ಮ ಆಫೀಸಿನಲ್ಲೂ ಆಮೇಲೆ ಬೇರೆ ಕೆಲಸಗಳು ಬಂದವು, ನಾನು ಅವನ್ನೆಲ್ಲ ಮಾಡಿ ನಿವೃತ್ತಳಾದೆ. ಹಮೀದಿಚ್ಚ ಈಗಿಲ್ಲ. ಅಜ್ಜನೂ ಇಲ್ಲ. ಬೆಳಿಗ್ಗೆ ಬದಿಯಡ್ಕದ ಬಸ್ಸಿನ ಹಾರನ್ನು ಕೇಳಿದಾಗ ಈಗಲೂ, ಇವತ್ತು ಸುದ್ದಿ ಎಂತ ಎಂದು ಕಿವಿ ಆ ಕಡೆ ಹೋಗುತ್ತದೆ.

ಸಾನ್ವಿ, ಆ ಪುಸ್ತಕದಲ್ಲಿ ನನ್ನ ಹೆಸರು ಹುಡುಕಬೇಡ, ಇಲ್ಲ. ಆ ಒಂದು ವಾಕ್ಯ ಉಂಟು. ಆದರೆ ನೆಕ್ರಾಜೆ ಎಂಬ ಉದಾಹರಣೆ ಅದರಲ್ಲಿ ಇಲ್ಲ. ಪ್ರಪಂಚದ ಎಲ್ಲ ಅಕ್ಷರಗಳಿಗೂ ಸಲ್ಲುವ ನಿಯಮದ ಪುಸ್ತಕವಾದರೂ ಅದನ್ನು ಅಚ್ಚು ಮಾಡಬೇಕಾದದ್ದು ಬರೀ ಇಂಗ್ಲಿಷು ಅಕ್ಷರದಲ್ಲಿ, ಅದು ಆಗಿನ ಅವರ ನಿಯಮ. ಹಾಗಾಗಿ ನನ್ನ ಪ್ರತಿಯಲ್ಲಿ, ಆ ವಾಕ್ಯದ ಪಕ್ಕದ ಖಾಲಿ ಜಾಗದಲ್ಲಿ, ನಾನೇ ಪೆನ್ನಿನಿಂದ ನೆಕ್ರಾಜೆ ಎಂದು ಬರೆದಿದ್ದೇನೆ. ಕೆಳಗೆ ಮೂರು ಎಂದು.

ಆ ಹಾಳೆಯನ್ನೂ ಈ ಹಾಳೆಗಳನ್ನೂ ಒಟ್ಟಿಗೆ ದಾರ ಕಟ್ಟಿದ್ದೇನೆ. ಅಟ್ಟದಲ್ಲಿ ಇಡಬೇಡಿ, ಒರಲೆ ಹಿಡಿಯುತ್ತದೆ. ಕಪಾಟಿನಲ್ಲಿ ನನ್ನ ಸೀರೆಗಳ ನಡುವೆ ಇಡಿ, ಮಳೆಗಾಲ ಮುಗಿದ ಮೇಲೆ ಒಮ್ಮೆ ಬಿಸಿಲಿಗೆ ಹಾಕಿ. ಇಡುತ್ತೇವೆ ಎಂದು ನನಗೆ ಬಾಯಿಬಿಟ್ಟು ಹೇಳಿ. ಇಬ್ಬರೂ ಹೂಂ ಎಂದರೂ ಸಾಕು. ಸುಮ್ಮನಿದ್ದರೆ ಒಪ್ಪಿದಿರಿ ಎಂದು ನಾನು ತಿಳಿಯುವುದಿಲ್ಲ.